ಗಣಿತದಲ್ಲಿ ಹಿಂದೆ ಬಿದ್ದದ್ದು ಎಲ್ಲಿ?

1906ರಲ್ಲಿ ಅಮೆರಿಕದ ಬಾಸ್ಟನ್ ಸಮೀಪದ ಟಫ್ಟ್ಸ್ ಕಾಲೇಜಿಗೆ 11 ವರ್ಷದ ಬಾಲಕನೊಬ್ಬ ವಿದ್ಯಾರ್ಥಿಯಾಗಿ ಸೇರಿದ. ಆತನ ಹೆಸರು ನಾರ್ಬರ್ಟ್ ವೀನರ್. ಮುಂದೆ ‘ಸೈಬರ್ನೆಟಿಕ್ಸ್’ ಎಂಬ ಶಾಸ್ತ್ರಕ್ಕೆ ತಳಹದಿ ಹಾಕಿದ ಗಣಿತಜ್ಞ ಈತನೇ. ಇಂಥವನಿಗೆ ಗಣಿತವು ನೀರು ಕುಡಿದಷ್ಟು ಸಲೀಸಾಗಿತ್ತೆಂದು ಭಾವಿಸುವುದು ಸಹಜ. ಆದರೆ 1953ರಲ್ಲಿ ಪ್ರಕಟವಾದ ಅವನ ಆತ್ಮಕಥೆ ಬೇರೆಯೇ ಚಿತ್ರವನ್ನು ಕೊಡುತ್ತದೆ.

ಏಳರ ವಯಸ್ಸಿನಲ್ಲಿ ಶಾಲೆಗೆ ಸೇರಿದಾಗ ಅವನ ದೊಡ್ಡ ಕೊರತೆ ಅಂಕಗಣಿತವೇ ಆಗಿತ್ತು. ಓರಗೆಯವರು ಬಿಟ್ಟ ಮೇಲೂ ಅವನು ಬೆರಳೆಣಿಸಿಯೇ ಲೆಕ್ಕ ಮಾಡುತ್ತಿದ್ದ. ಮಗ್ಗಿ ತೊಡಕಾಗಿತ್ತು. ಆದರೆ ಎರಡು ಸಂಖ್ಯೆಗಳನ್ನು ಹಿಂದುಮುಂದಾಗಿ ಗುಣಿಸಿದರೂ ಉತ್ತರ ಒಂದೇ ಏಕೆ ಎಂಬ ಪ್ರಶ್ನೆ ಅವನನ್ನು ಕಾಡಿತ್ತು. ಚುಕ್ಕಿಗಳನ್ನು ಆಯತಾಕಾರದಲ್ಲಿ ಜೋಡಿಸಿ, ಅದನ್ನು ತಿರುಗಿಸಿ ನೋಡಿ ಅರ್ಥ ಮಾಡಿಕೊಳ್ಳಲು ಯತ್ನಿಸಿದ. ಕೈ ನಿಧಾನವಾಗಿತ್ತು, ಬುದ್ಧಿ ಮುಂದಿತ್ತು. ಇದನ್ನು ಗುರುತಿಸಿದ ತಂದೆ ಅವನನ್ನು ಶಾಲೆ ಬಿಡಿಸಿ ಮನೆಯಲ್ಲೇ ಬೀಜಗಣಿತ ಕಲಿಸತೊಡಗಿದರು. ಆದರೆ ಒಂದು ತಪ್ಪಾದೊಡನೆ ತಂದೆಯ ಸೌಮ್ಯತೆ ಸಿಡಿಮಿಡಿಗೆ ತಿರುಗುತ್ತಿತ್ತು. ಆ ಬೈಗುಳದ ನೋವನ್ನು ಮಗ ವೃದ್ಧಾಪ್ಯದ ಹೊಸ್ತಿಲಲ್ಲಿಯೂ ಮರೆತಿರಲಿಲ್ಲ.

ಕಾಲೇಜಿನಲ್ಲಿ ಸಮೀಕರಣ ಸಿದ್ಧಾಂತದ ಪಾಠ ಅವನ ಅಳವಿಗೆ ಮೀರಿದ್ದಾಗಿತ್ತು. ಅಧ್ಯಾಪಕರು ಕೈಹಿಡಿದು ನಡೆಸಿದ್ದರಿಂದ ದಾಟಿದ. 1909ರಲ್ಲಿ ಪದವಿ, 1913ರಲ್ಲಿ 18ರ ವಯಸ್ಸಿಗೆ ಹಾರ್ವರ್ಡ್‌ನ ಡಾಕ್ಟರೇಟ್ ದೊರೆಯಿತು.

ಗಡಿನಾಡಿನ ಮಕ್ಕಳು 11ಕ್ಕೆ ಕಾಲೇಜು ಸೇರುವುದಿಲ್ಲ. ಆದರೂ ಕಾಸರಗೋಡಿನ ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿ ಇಂಗ್ಲಿಷಿನಲ್ಲಿ ನಡೆಯುವ ಪ್ಲಸ್ ವನ್ ತರಗತಿಗೆ ಕಾಲಿಡುವವರಿಗೆ ಅದೇ ಅಳುಕು ಹೊಸದಲ್ಲ. ‘ಬಹುಪದೋಕ್ತಿ’ಯನ್ನು ಚೆನ್ನಾಗಿ ಬಲ್ಲವರು ‘ಪಾಲಿನೋಮಿಯಲ್’ ಎಂದೊಡನೆ ತಬ್ಬಿಬ್ಬಾಗುತ್ತಾರೆ. ‘ಸಂಭವನೀಯತೆ’ಯ ಲೆಕ್ಕ ಬಿಡಿಸಿದವರು ‘ಪ್ರಾಬಬಿಲಿಟಿ’ಯ ಮುಂದೆ ಮೌನವಾಗುತ್ತಾರೆ. ಪಕ್ಕದ ವಿದ್ಯಾರ್ಥಿ ತಟ್ಟನೆ ಉತ್ತರಿಸಿದಾಗ, ಗಣಿತ ತನಗೆ ಹೇಳಿಸಿದ್ದಲ್ಲವೆಂಬ ತೀರ್ಮಾನಕ್ಕೆ ಬರುತ್ತಾರೆ. ಈ ಅವಸರದ ತೀರ್ಮಾನವೇ ನಿಜವಾದ ಅಪಾಯ. ಗಣಿತವನ್ನು ಕೈಬಿಟ್ಟರೆ ಎಂಜಿನಿಯರಿಂಗ್, ಭೌತಶಾಸ್ತ್ರ, ಸಂಖ್ಯಾಶಾಸ್ತ್ರಗಳ ಬಾಗಿಲೂ ಮುಚ್ಚಿಕೊಳ್ಳುತ್ತದೆ.

‘ಹಿಂದೆ ಬಿದ್ದಿದ್ದೇನೆ’ ಎಂಬ ಒಂದೇ ಮಾತಿನೊಳಗೆ ಮೂರು ಬೇರೆ ಬೇರೆ ಕೊರತೆಗಳು ಅಡಗಿರಬಹುದು. ಲೆಕ್ಕದ ವೇಗ ಕಡಿಮೆಯಿದ್ದರೆ ದಿನವೂ ಅಭ್ಯಾಸ ಬೇಕು. ಹಿಂದಿನ ಪಾಠವೊಂದು ಅರ್ಥವಾಗದೆ ಉಳಿದಿದ್ದರೆ, ಆ ಪಾಠಕ್ಕೇ ಮರಳಿ, ತಿಳಿದವರ ನೆರವು ಪಡೆಯಬೇಕು. ಪದ ಮಾತ್ರ ಹೊಸದಾಗಿದ್ದರೆ ಒಂದು ಟಿಪ್ಪಣಿ ಪುಸ್ತಕ ಸಾಕು: ಎಡಕ್ಕೆ ಕನ್ನಡ ಪದ, ಬಲಕ್ಕೆ ಇಂಗ್ಲಿಷ್ ಪದ, ಕೆಳಗೆ ಬಿಡಿಸಿದ ಒಂದು ಉದಾಹರಣೆ. ರಜೆಯ ದಿನಗಳಲ್ಲೇ ಇದನ್ನು ಆರಂಭಿಸಿದರೆ ಮೊದಲ ತಿಂಗಳ ಗಾಬರಿ ಬಹುಪಾಲು ತಗ್ಗುತ್ತದೆ.

ಇದಕ್ಕೆ ಹೆತ್ತವರು ಗಣಿತ ಬಲ್ಲವರಾಗಿರಬೇಕೆಂದಿಲ್ಲ. ಅಂಕ ಎಷ್ಟು ಬಂತೆಂದು ಗದರುವ ಬದಲು, ಯಾವ ಸಾಲಿನವರೆಗೆ ತಿಳಿಯಿತು, ಎಲ್ಲಿ ತಡೆಯಿತು ಎಂದು ಕೇಳಬಹುದು. ತಡೆದ ಸಾಲಿಗೆ ಗುರುತು ಹಾಕಿಸಿ ಮರುದಿನ ಅಧ್ಯಾಪಕರಿಗೆ ತೋರಿಸುವಂತೆ ಹೇಳಬಹುದು. ವಿಷಯವನ್ನೇ ಬದಲಿಸುವ ಮಾತು ಮನೆಯಲ್ಲಿ ಬರುವ ಮುನ್ನ ಇಷ್ಟಾದರೂ ಆಗಬೇಕು.