‘ಸದ್ಯಕ್ಕೆ ಬೇಡ’ ಎಂದ ಮೇಲೆ

2020ರ ಜೂನ್ ಎರಡನೆಯ ವಾರ. ನನ್ನ ಮಗಳು ಓದುತ್ತಿದ್ದ ಶಾಲೆಯಿಂದ ಪೋಷಕರ ಸಭೆಗೆ ಕರೆ ಬಂದಿತ್ತು. ಕೊರೊನಾ ಕಾರಣದಿಂದ ಮಾರ್ಚ್‌ನಲ್ಲಿ ಮುಚ್ಚಿದ್ದ ಶಾಲೆಗಳನ್ನು ಮತ್ತೆ ಯಾವಾಗ ತೆರೆಯಬೇಕು ಎಂಬ ಬಗ್ಗೆ ಆ ತಿಂಗಳ 10ರಿಂದ 12ರೊಳಗೆ ಪೋಷಕರ ಅಭಿಪ್ರಾಯ ಪಡೆದು ಕಳುಹಿಸುವಂತೆ ಸಾರ್ವಜನಿಕ ಶಿಕ್ಷಣ ಇಲಾಖೆಯು ರಾಜ್ಯದ ಶಾಲೆಗಳಿಗೆ ಸೂಚಿಸಿತ್ತು. 4ರಿಂದ 7ನೆಯ ತರಗತಿಗೆ ಜುಲೈ 1, 1ರಿಂದ 3 ಹಾಗೂ 8ರಿಂದ 10ನೆಯ ತರಗತಿಗಳಿಗೆ ಜುಲೈ 15, ಪೂರ್ವ ಪ್ರಾಥಮಿಕಕ್ಕೆ ಜುಲೈ 20 ಎಂದು ತಾತ್ಕಾಲಿಕ ದಿನಾಂಕಗಳನ್ನೂ ನೀಡಲಾಗಿತ್ತು. ನಮ್ಮನ್ನು ಕೇಳುತ್ತಿದ್ದಾರೆ ಎಂಬುದೇ ಆಗ ನನಗೆ ದೊಡ್ಡ ಸಮಾಧಾನವಾಗಿ ಕಂಡಿತು.

ಶಂಕರಘಟ್ಟವನ್ನು ನೋಡದವರಿಗಾಗಿ ಒಂದೆರಡು ಮಾತು. ಭದ್ರಾವತಿ ತಾಲ್ಲೂಕಿನ ಈ ಊರಿನ ಒಂದು ಮಗ್ಗುಲಿಗೆ ಕುವೆಂಪು ವಿಶ್ವವಿದ್ಯಾಲಯದ ಜ್ಞಾನ ಸಹ್ಯಾದ್ರಿ ಆವರಣ, ಇನ್ನೊಂದು ಮಗ್ಗುಲಿಗೆ ಭದ್ರಾ ಅಣೆಕಟ್ಟೆ, ಅದರಾಚೆಗೆ ಕಾಡು. ಹೀಗಾಗಿ ಇಲ್ಲಿನ ಪೋಷಕರ ಸಭೆಯಲ್ಲಿ ಪ್ರಾಧ್ಯಾಪಕರು, ಗುಮಾಸ್ತರು, ಅಡಿಕೆ ತೋಟದವರು, ಆ ತೋಟಗಳಲ್ಲಿ ಕೂಲಿ ಮಾಡುವವರು, ಹಿನ್ನೀರಿನಲ್ಲಿ ಮೀನು ಹಿಡಿಯುವವರು ಒಂದೇ ಬೆಂಚಿನ ಸಾಲಿನಲ್ಲಿ ಕೂರುತ್ತಾರೆ. ಅಂದು ಬೆಂಚಿಗೊಬ್ಬರಂತೆ ಕೂತಿದ್ದೆವು. ಮೇ ಎರಡನೆಯ ವಾರದವರೆಗೆ ಹಸಿರು ವಲಯದಲ್ಲಿದ್ದ ಶಿವಮೊಗ್ಗ ಜಿಲ್ಲೆಯಲ್ಲಿ ಆ ಹೊತ್ತಿಗೆ ಪ್ರಕರಣಗಳು ಕಾಣಿಸಿಕೊಳ್ಳತೊಡಗಿದ್ದವು. ಯಾರು ಕೆಮ್ಮಿದರೂ ಎಲ್ಲರೂ ತಿರುಗಿ ನೋಡುತ್ತಿದ್ದ ದಿನಗಳವು.

ನಾನು ಮೊದಲಿಗೇ ಎದ್ದು ಮಾತನಾಡಿದೆ. ಮನೆಯಲ್ಲಿ ಎಪ್ಪತ್ತೆಂಟು ವರ್ಷದ ತಾಯಿ ಇದ್ದಾರೆ, ಸಕ್ಕರೆ ಕಾಯಿಲೆ ಇದೆ, ಮಗು ಸೋಂಕು ತಂದರೆ ಗತಿಯೇನು ಎಂದೆ. ಒಂದು ವರ್ಷ ಪಾಠ ಹೋದರೆ ಹೋಗಲಿ, ಜೀವ ಉಳಿದರೆ ಮುಂದೆ ಕಲಿಯಬಹುದು ಎಂದೂ ಸೇರಿಸಿದೆ. ಬಹಳ ಜನ ತಲೆದೂಗಿದರು. ನನ್ನ ನಂತರ ಮಾತನಾಡಿದ ನಾಲ್ಕೈದು ಮಂದಿ ಇದನ್ನೇ ಬೇರೆ ಮಾತುಗಳಲ್ಲಿ ಹೇಳಿದರು.

ಕೊನೆಯ ಬೆಂಚಿನಲ್ಲಿದ್ದ ಒಬ್ಬ ಹೆಂಗಸು ಎದ್ದು ನಿಂತರು. ಅವರ ಮಗ ನನ್ನ ಮಗಳ ತರಗತಿಯಲ್ಲೇ, ನಾಲ್ಕರಲ್ಲಿ ಇದ್ದ. “ಮೇಷ್ಟ್ರೇ, ಸ್ಕೂಲ್ ಮುಚ್ಚಿದ್ರೆ ಮಕ್ಕಳು ಮನೇಲಿರ್ತಾವೆ ಅಂತ ಇವ್ರೆಲ್ಲ ಹೇಳ್ತಿದಾರೆ. ನಾವು ಮನೇಲಿದ್ರೆ ತಾನೆ ಅವು ಮನೇಲಿರೋದು? ನಮ್ಮ ಹುಡುಗ ಈಗ ದಿನಾ ನಮ್ಮ ಜೊತೆ ಕೆಲ್ಸಕ್ಕೆ ಬರ್ತಾನೆ. ಅಲ್ಲಿ ಬರೋ ರೋಗ ಬೇರೇನಾ?” ಎಂದು ಕೇಳಿದರು. ಸಭೆಯಲ್ಲಿ ಒಂದಿಬ್ಬರು ನಕ್ಕರು. ಮುಖ್ಯ ಶಿಕ್ಷಕರು, “ಆಯ್ತಮ್ಮ, ಎಲ್ಲರ ಅಭಿಪ್ರಾಯ ಕೇಳ್ತಿದೀವಲ್ಲ” ಎಂದು ಮುಂದುವರಿದರು. ಕೈ ಎತ್ತಿಸಿದಾಗ ಮುಚ್ಚಿಯೇ ಇರಲಿ ಎಂಬವರ ಸಂಖ್ಯೆ ಬಹಳ ದೊಡ್ಡದಿತ್ತು. ‘ಸದ್ಯಕ್ಕೆ ಬೇಡ’ ಎಂದು ಬರೆದುಕೊಂಡರು.

ಅಂದಿನ ಆ ತೀರ್ಮಾನವನ್ನು ತಪ್ಪೆಂದು ಈಗ ಕೂತು ಹೇಳುವುದು ಸುಲಭ; ನಾನು ಹಾಗೆ ಹೇಳಲಾರೆ. ರೋಗದ ಸ್ವಭಾವ ವೈದ್ಯರಿಗೇ ಪೂರ್ತಿ ತಿಳಿದಿರಲಿಲ್ಲ. ರಾಜ್ಯದ ಬಹುಪಾಲು ಪೋಷಕರು ನಮ್ಮಂತೆಯೇ ಹೇಳಿದರು. ನನ್ನನ್ನು ಕಾಡುವುದು ‘ಸದ್ಯಕ್ಕೆ’ ಎಂಬ ಪದ. ಸದ್ಯಕ್ಕೆ ಎಂದರೆ ಎಷ್ಟು ದಿನ? ಒಂದು ತಿಂಗಳೇ, ಮೂರು ತಿಂಗಳೇ? ಅಂದು ಯಾರೂ ಕೇಳಲಿಲ್ಲ. ಆ ಸಭೆಯನ್ನು ನಮ್ಮ ಶಾಲೆಯಲ್ಲಿ ಮತ್ತೆ ಕರೆಯಲೂ ಇಲ್ಲ. ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಶಾಲೆಯ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ರಂದು, ನಮ್ಮ ಸಭೆ ನಡೆದು ಹದಿನಾರು ತಿಂಗಳು ಕಳೆದ ಮೇಲೆ.

ಆ ಹದಿನಾರು ತಿಂಗಳಲ್ಲಿ ಏನೆಲ್ಲ ತೆರೆಯಿತು ಎಂಬುದನ್ನು ನೆನೆದರೆ ನಾಚಿಕೆಯಾಗುತ್ತದೆ. ನಮ್ಮ ಸಭೆಯ ಎರಡು ವಾರಕ್ಕೆ, ಜೂನ್ 25ರಿಂದ, ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ನೋಂದಾಯಿಸಿ ಕೇಂದ್ರಗಳಿಗೆ ಹೋಗಿ ಬರೆದರು. ಜ್ವರ ನೋಡುವ ಯಂತ್ರ, ದೂರ ದೂರದ ಆಸನ, ಮುಖಗವಸು ಎಲ್ಲವನ್ನೂ ಸರ್ಕಾರ ಒದಗಿಸಿತು; ಮನಸ್ಸಿದ್ದರೆ ವ್ಯವಸ್ಥೆಯಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಡಿಸೆಂಬರ್ 22 ಮತ್ತು 27ರಂದು ಗ್ರಾಮ ಪಂಚಾಯಿತಿ ಚುನಾವಣೆ ನಡೆಯಿತು. ಮಕ್ಕಳಿಗೆ ತೆರೆಯದ ಶಾಲಾ ಕೊಠಡಿಗಳು ಮತಗಟ್ಟೆಗಳಾಗಿ ತೆರೆದವು. 2021ರ ಫೆಬ್ರುವರಿಯಲ್ಲಿ ಚಿತ್ರರಂಗದವರು ದನಿ ಎತ್ತಿದ ಮೇಲೆ ಚಿತ್ರಮಂದಿರಗಳ ಎಲ್ಲ ಆಸನಗಳನ್ನೂ ತುಂಬಲು ಅನುಮತಿ ಸಿಕ್ಕಿತು. ಏಪ್ರಿಲ್ 27ರಂದು ಭದ್ರಾವತಿ ನಗರಸಭೆಗೆ ಮತದಾನ ನಡೆಯಿತು. ಅದೇ ರಾತ್ರಿ 9 ಗಂಟೆಯಿಂದ ಎರಡನೆಯ ಅಲೆಯ ಲಾಕ್‌ಡೌನ್ ಆರಂಭವಾಯಿತು. ಎರಡನೆಯ ತರಗತಿಯ ಮಗುವಿಗೆ ವಾಣಿಜ್ಯ ಮಂಡಳಿಯಿಲ್ಲ, ಮತವಿಲ್ಲ. ಅದರ ಪರವಾಗಿ ಮಾತನಾಡಬೇಕಾದವರು ಪೋಷಕರು, ಅಂದರೆ ನಾವು. ನಾವು ಒಮ್ಮೆ ಮಾತನಾಡಿ ಮನೆಗೆ ಹೋಗಿದ್ದೆವು.

ಮನೆಗೆ ಹೋದವರಿಗೆಲ್ಲ ಮನೆ ಒಂದೇ ರೀತಿ ಇರಲಿಲ್ಲ. ನನ್ನ ಮನೆಯಲ್ಲಿ ಎರಡು ಫೋನು, ಒಂದು ಲ್ಯಾಪ್‌ಟಾಪು, ಪಾಠ ಹೇಳಬಲ್ಲ ಹೆಂಡತಿ ಇದ್ದರು. ಕೆಳ ತರಗತಿಗಳಿಗೆ ಆನ್‌ಲೈನ್ ಪಾಠ ಬೇಡವೆಂದು ಜೂನ್‌ನಲ್ಲಿ ಸರ್ಕಾರ ನಿಷೇಧಿಸಿದಾಗ ನನ್ನಂಥವರು ಸಿಟ್ಟಾದೆವು; ಜುಲೈ 8ರಂದು ಹೈಕೋರ್ಟ್ ಆ ನಿಷೇಧಕ್ಕೆ ತಡೆ ನೀಡಿದಾಗ ಸಂತೋಷಪಟ್ಟೆವು. ಆ ವಾದ ವಿವಾದವೆಲ್ಲ ಫೋನು ಇದ್ದವರೊಳಗಿನದು ಎಂಬುದು ನನಗೆ ಹೊಳೆದದ್ದು ಆಮೇಲೆ. ದೂರದರ್ಶನದ ಚಂದನದಲ್ಲಿ ಬಂದ ‘ಸಂವೇದ’ ಪಾಠಗಳು ಮೊದಲಿಗೆ ಎಂಟರಿಂದ ಹತ್ತನೆಯ ತರಗತಿಯವರಿಗಷ್ಟೇ ಇದ್ದವು. ಆಗಸ್ಟ್‌ನಲ್ಲಿ ಆರಂಭವಾದ ‘ವಿದ್ಯಾಗಮ’ ಒಂದು ಒಳ್ಳೆಯ ಉಪಾಯವೇ ಆಗಿತ್ತು. ಮೇಷ್ಟ್ರು ದೇವಸ್ಥಾನದ ಜಗಲಿಗೆ, ಮರದ ಕಟ್ಟೆಗೆ ಬಂದು ಆರೇಳು ಮಕ್ಕಳನ್ನು ಸುತ್ತ ಕೂರಿಸಿಕೊಂಡು ಕಲಿಸುತ್ತಿದ್ದರು. ಆ ಹುಡುಗನೂ ಬರುತ್ತಿದ್ದ. ಕೆಲವೆಡೆ ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ತಗುಲಿದ ಸುದ್ದಿ ಬಂದು ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಲಾಯಿತು. ನಮ್ಮಲ್ಲಿ ಅದು ಅಡಿಕೆ ಕೊಯ್ಲಿನ ಕಾಲ. ಹುಡುಗ ಜಗಲಿಯಿಂದ ನೇರವಾಗಿ ಅಡಿಕೆ ಸುಲಿಯುವ ಮನೆಗೆ ಹೋದ.

ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವು 2020ರಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳಲ್ಲಿ ಸರ್ಕಾರಿ ಶಾಲೆಗಳ ಶಿಕ್ಷಕರು ಮತ್ತು ಪೋಷಕರನ್ನು ಮಾತನಾಡಿಸಿತ್ತು. ಆರೋಗ್ಯದ ಎಚ್ಚರಿಕೆ ವಹಿಸುವುದಾದರೆ ಮಕ್ಕಳನ್ನು ಶಾಲೆಗೆ ಕಳುಹಿಸಲು ಸಿದ್ಧ ಎಂದವರು ಸುಮಾರು ಶೇ 90ರಷ್ಟು ಪೋಷಕರು. ಮಾತನಾಡಿಸಿದವರ ಸಂಖ್ಯೆ ನಾನೂರರಷ್ಟು, ದೊಡ್ಡದೇನಲ್ಲ. ಆದರೂ ಆ ವರದಿ ಓದಿದಾಗ ನಮ್ಮ ಸಭೆಯ ಕೊನೆಯ ಬೆಂಚು ನೆನಪಾಯಿತು. ಅಲ್ಲಿ ಒಬ್ಬರು ಎದ್ದು ನಿಂತಿದ್ದರು. ಏಳದೆ ಕೂತವರು ಎಷ್ಟು ಮಂದಿಯೋ. ಬಾಯಿ ಇದ್ದವರ ಮಾತು ಸಭೆಯ ಮಾತಾಗುವುದು ನಮ್ಮಲ್ಲಿ ಹೊಸತೇನಲ್ಲ. ಅದೇ ವಿಶ್ವವಿದ್ಯಾಲಯ 2021ರ ಫೆಬ್ರುವರಿಯಲ್ಲಿ ಪ್ರಕಟಿಸಿದ ಅಧ್ಯಯನ 16,067 ಮಕ್ಕಳನ್ನು ಪರಿಶೀಲಿಸಿದ್ದು. ಎರಡರಿಂದ ಆರನೆಯ ತರಗತಿಯವರೆಗಿನ ಆ ಮಕ್ಕಳಲ್ಲಿ ಶೇ 92ರಷ್ಟು ಮಂದಿ ಹಿಂದಿನ ವರ್ಷ ತಮಗೆ ಬರುತ್ತಿದ್ದ ಭಾಷಾ ಸಾಮರ್ಥ್ಯಗಳಲ್ಲಿ ಕನಿಷ್ಠ ಒಂದನ್ನು ಕಳೆದುಕೊಂಡಿದ್ದರು. ಒಂದು ವರ್ಷ ಪಾಠ ಹೋದರೆ ಹೋಗಲಿ ಎಂದಿದ್ದೆನಲ್ಲ. ಹೋದದ್ದು ಆ ವರ್ಷದ ಪಾಠವಷ್ಟೇ ಅಲ್ಲ, ಹಿಂದಿನ ವರ್ಷದ್ದೂ ಹೋಗಿತ್ತು.

ರೋಗದ ವಿಚಾರದಲ್ಲಾದರೂ ನನ್ನ ಲೆಕ್ಕ ಸರಿಯಿತ್ತೇ? 2021ರ ಮೇ ತಿಂಗಳಲ್ಲಿ ನನ್ನ ತಾಯಿಗೆ ಸೋಂಕು ತಗುಲಿತು. ಆಗ ಮಗಳು ಶಾಲೆಯ ಮೆಟ್ಟಿಲು ತುಳಿದು ವರ್ಷದ ಮೇಲಾಗಿತ್ತು. ಭದ್ರಾವತಿ ಪೇಟೆಗೆ ಹೋಗಿ ಬಂದು ಮೂರನೆಯ ದಿನ ಜ್ವರ ಹಿಡಿದವನು ನಾನು. ತಾಯಿಗೆ ಅಂಟಿಸಿದವನೂ ನಾನೇ. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ಅವರು ಹೇಗೋ ಮನೆಗೆ ಮರಳಿದರು. ಆ ವರ್ಷ ಜೂನ್–ಜುಲೈನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನಡೆಸಿದ ನಾಲ್ಕನೆಯ ರಾಷ್ಟ್ರೀಯ ಸಮೀಕ್ಷೆಯಲ್ಲಿ 6ರಿಂದ 9 ವರ್ಷದ ಮಕ್ಕಳಲ್ಲಿ ಶೇ 57.2ರಷ್ಟು ಮಂದಿಯ ರಕ್ತದಲ್ಲಿ ಕೊರೊನಾ ವಿರುದ್ಧದ ಪ್ರತಿಕಾಯಗಳು ಕಂಡುಬಂದವು. ಆ ವಯಸ್ಸಿನವರಿಗೆ ಲಸಿಕೆ ಬಂದಿರಲಿಲ್ಲ. ಬಹುಪಾಲು ಕಡೆ ಅವರ ಶಾಲೆ ತೆರೆದಿರಲಿಲ್ಲ. ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಸೋಂಕು ಮನೆಯಲ್ಲೇ, ಬೀದಿಯಲ್ಲೇ, ಕೆಲಸದ ಜಾಗದಲ್ಲೇ ಬಂದು ಹೋಗಿತ್ತು. ಅಲ್ಲಿ ಬರುವ ರೋಗ ಬೇರೆಯೇ ಎಂದು ಆ ತಾಯಿ ಒಂದು ವರ್ಷ ಮೊದಲೇ ಕೇಳಿದ್ದರು.

ಆ ಸಮೀಕ್ಷೆಯ ವಿವರ ನೀಡುವಾಗಲೇ ಮಂಡಳಿಯ ಮುಖ್ಯಸ್ಥ ಡಾ. ಬಲರಾಮ್ ಭಾರ್ಗವ ಅವರು, ಚಿಕ್ಕ ಮಕ್ಕಳು ಈ ಸೋಂಕನ್ನು ದೊಡ್ಡವರಿಗಿಂತ ಚೆನ್ನಾಗಿ ತಾಳಿಕೊಳ್ಳುತ್ತಾರೆ, ಶಾಲೆ ತೆರೆಯುವುದಾದರೆ ಪ್ರಾಥಮಿಕ ಶಾಲೆಗಳಿಂದ ಆರಂಭಿಸುವುದು ಜಾಣತನ ಎಂದಿದ್ದರು. ಡೆನ್ಮಾರ್ಕ್ 2020ರ ಏಪ್ರಿಲ್‌ನಲ್ಲೇ ಚಿಕ್ಕವರನ್ನು ಮೊದಲು ಕರೆದಿತ್ತು. ನಮ್ಮಲ್ಲಿ ಆದದ್ದು ತಿರುಗುಮುರುಗು: 9ರಿಂದ 12ಕ್ಕೆ ಆಗಸ್ಟ್ 23, 6ರಿಂದ 8ಕ್ಕೆ ಸೆಪ್ಟೆಂಬರ್ 6, ಚಿಕ್ಕವರಿಗೆ ಎಲ್ಲರಿಗಿಂತ ಕೊನೆಗೆ.

ಶಿಕ್ಷಕರ ಭಯವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಎರಡನೆಯ ಅಲೆಯಲ್ಲಿ ರಾಜ್ಯದ ಅನೇಕ ಶಿಕ್ಷಕರು ಅಸುನೀಗಿದರು. ಬೆಂಗಳೂರಿನ ಇಕ್ಕಟ್ಟಾದ, ಸಾವಿರಾರು ಮಕ್ಕಳ ಶಾಲೆಯ ಪೋಷಕರ ಆತಂಕವೂ ಸುಳ್ಳಲ್ಲ. ಆದರೆ ಆ ಶಾಲೆಗೂ, ತರಗತಿಗೆ ಹದಿನೆಂಟು ಮಕ್ಕಳಿದ್ದು ಸುತ್ತ ಎಕರೆಗಟ್ಟಲೆ ಬಯಲಿರುವ ಶಂಕರಘಟ್ಟದ ಶಾಲೆಗೂ ಒಂದೇ ಬೀಗ ಏಕೆ ಬೇಕಿತ್ತು? ಮಲೆನಾಡಿನವರಿಗೆ ರೋಗದ ಜೊತೆ ಬದುಕುವುದು ಗೊತ್ತಿಲ್ಲದ ವಿದ್ಯೆಯಲ್ಲ. ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ಈ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅಂದಿನಿಂದ ಬೇಸಿಗೆ ಬಂದರೆ ಕಾಡಿಗೆ ಹೋಗಬೇಡಿ ಎಂದು ಹೇಳುತ್ತಲೇ ಇದ್ದಾರೆ. ಸೌದೆ, ತರಗೆಲೆ ಇಲ್ಲದೆ ನಡೆಯದವರು ಉಣುಗು ಹತ್ತದಂತೆ ಎಣ್ಣೆ ಸವರಿಕೊಂಡು ಹೋಗಿ ಬರುತ್ತಾರೆ. ಮಂಗ ಸತ್ತ ಕಡೆ ಹೋಗುವುದಿಲ್ಲ. ಎಲ್ಲಿ ಅಪಾಯ, ಎಷ್ಟು ಅಪಾಯ ಎಂದು ಊರೂರಿಗೆ ಬೇರೆಯಾಗಿ ನೋಡುವ ಆ ವಿವೇಕವನ್ನು ಶಾಲೆಯ ವಿಚಾರದಲ್ಲಿ ನಾವು ಬಳಸಲಿಲ್ಲ. ತಿಂಗಳಿಗೊಮ್ಮೆ ಸಭೆ ಕರೆದು, ಊರಿನ ಪ್ರಕರಣಗಳೆಷ್ಟು, ಫೋನಿಲ್ಲದ ಮಕ್ಕಳೆಷ್ಟು, ಕೆಲಸಕ್ಕೆ ಹೋಗುತ್ತಿರುವವರೆಷ್ಟು ಎಂದು ಬರೆದುಕೊಂಡು ಮತ್ತೆ ಕೈ ಎತ್ತಿಸಿದ್ದರೆ ಸಾಕಿತ್ತು. ಮೂರನೆಯ ತಿಂಗಳಿಗೇ ನಾನು ಬೇರೆ ಕೈ ಎತ್ತುತ್ತಿದ್ದೆನೋ ಏನೋ.

ಶಾಲೆ ತೆರೆದ ದಿನ ಆ ಹುಡುಗ ಬಂದ. ಐದನೆಯ ತರಗತಿಯಲ್ಲಿ ಕೂತ. ಒತ್ತಕ್ಷರಗಳೆಲ್ಲ ಮರೆತುಹೋಗಿದ್ದವು ಎಂದು ಮಗಳು ಬಂದು ಹೇಳಿದಳು. 2022ರಲ್ಲಿ ಸರ್ಕಾರ ‘ಕಲಿಕಾ ಚೇತರಿಕೆ’ ಕಾರ್ಯಕ್ರಮ ತಂದಿತು. ಮೇಷ್ಟ್ರುಗಳು ಪ್ರಾಮಾಣಿಕವಾಗಿ ದುಡಿದರು. ಕೆಲವರು ಚೇತರಿಸಿಕೊಂಡರು. ಆತ ಏಳನೆಯ ತರಗತಿ ಮುಗಿಸಿ ಪ್ರೌಢಶಾಲೆಗೆ ಸೇರಲಿಲ್ಲ.

ಇತ್ತೀಚೆಗೆ ಬೇರೊಂದು ಕೆಲಸಕ್ಕೆ ಶಾಲೆಗೆ ಹೋದಾಗ ಆ ದಿನದ ನಡಾವಳಿ ಪುಸ್ತಕವನ್ನು ಕೇಳಿ ಪಡೆದು ನೋಡಿದೆ. ‘ಸದ್ಯಕ್ಕೆ ಶಾಲೆ ತೆರೆಯುವುದು ಬೇಡವೆಂದು ಸಭೆಯು ಅಭಿಪ್ರಾಯಪಟ್ಟಿತು’ ಎಂಬ ಒಂದು ಸಾಲು ಇದೆ. ಕೆಳಗೆ ಬಂದವರ ಸಹಿಗಳು. ನನ್ನದು ಮೂರನೆಯದು, ಆ ತಾಯಿಯದು ಕೊನೆಯಲ್ಲಿ. ಅವರು ಕೇಳಿದ ಪ್ರಶ್ನೆಯನ್ನು ಯಾರೂ ಬರೆದುಕೊಂಡಿಲ್ಲ.