ಒಳಸರಿಯುವ ಬಾಗಿಲಿಗೆ ಕಿಲೋ ಲೆಕ್ಕ ಸಾಲದು

ತೆರೆದ ಮೇಲೆ ಕಪಾಟಿನ ಪಕ್ಕದ ಗೂಡಿನೊಳಗೆ ಸರಿದುಹೋಗುವ ಪಾಕೆಟ್ ಬಾಗಿಲು ಬೇಕೆನ್ನುವವರು ಹಾರ್ಡ್‌ವೇರ್ ಅಂಗಡಿಯಲ್ಲಿ ಮೊದಲು ಕೇಳುವುದೇ ‘ಎಷ್ಟು ಕಿಲೋ ತಡೆಯುತ್ತೆ?’ ಎಂದು. ಡಬ್ಬಿಯ ಮೇಲೆ 45 ಕಿಲೋ ಎಂದಿದ್ದರೆ ಮುಗಿಯಿತು, ಡ್ರಾಯರ್ ಚಾನೆಲ್‌ಗೇ ಹಿಂಜ್ ಕೂರಿಸಿ ಬಾಗಿಲು ತೂಗುಹಾಕಿಸುತ್ತಾರೆ. ಒಳ್ಳೆಯ ಪ್ಲೈವುಡ್ಡೂ ಬಡಗಿಯ ದುಡಿಮೆಯೂ ಹೀಗೆ ಹಾಳಾಗುವುದನ್ನು ಕಂಡು ಸುಮ್ಮನಿರುವುದು ಕಷ್ಟ. 2100 ಮಿ.ಮೀ. ಎತ್ತರ, 600 ಮಿ.ಮೀ. ಅಗಲ, 18 ಮಿ.ಮೀ. ದಪ್ಪದ ಪ್ಲೈವುಡ್ ಬಾಗಿಲು ಲ್ಯಾಮಿನೇಟ್ ಸೇರಿ ತೂಗುವುದು ಸುಮಾರು 17–18 ಕಿಲೋ. 45 ಕಿಲೋ ಹೊರುವ ಚಾನೆಲ್‌ಗೆ ಅದು ಹೊರೆಯೇ ಅಲ್ಲ. ಆದರೂ ಬಾಗಿಲು ಕಚ್ಚಿಕೊಳ್ಳುತ್ತದೆ, ಏಕೆಂದರೆ ತೊಂದರೆ ಇರುವುದು ತೂಕದಲ್ಲಲ್ಲ, ವಾರೆಯಲ್ಲಿ. ಮೇಲಿನ ಚಾನೆಲ್ ಕೆಳಗಿನದಕ್ಕಿಂತ ಬರೀ 5 ಮಿ.ಮೀ. ಮುಂದೆ ಬಂದರೂ ಈ ಬಾಗಿಲಿನ ಹಿಡಿಯ ಅಂಚು ಸುಮಾರು ಒಂದೂವರೆ ಮಿ.ಮೀ. ಕೆಳಗಿಳಿಯುತ್ತದೆ. ಕೆಳಗೆ ಬಿಟ್ಟಿರುವ ಸಂದು ಎರಡು ಮೂರು ಮಿ.ಮೀ. ಮಾತ್ರ. ಡಬ್ಬಿಯ ಮೇಲಿನ 45 ಕಿಲೋ ಎಂಬುದು ಸಾಮಾನು ಹರಡಿಟ್ಟ ಡ್ರಾಯರಿನ ಲೆಕ್ಕ, ಒಂದೇ ಅಂಚಿನಲ್ಲಿ ನೇತಾಡುವ ಬಾಗಿಲಿನದಲ್ಲ.

ಇನ್ನೆರಡು ಹಿಂಜ್ ಹಾಕಿದರಾಯಿತು ಎನ್ನುವವರಿದ್ದಾರೆ. ಹಿಂಜ್ ಬಾಗಿಲನ್ನು ಹಿಡಿಯುತ್ತದೆಯೇ ಹೊರತು ಎರಡು ಚಾನೆಲ್‌ಗಳನ್ನು ಒಟ್ಟಿಗೆ ಓಡಿಸುವುದಿಲ್ಲ. ಟಿವಿ ಕಪಾಟಿನ ಗಿಡ್ಡ ಬಾಗಿಲು ಸರಾಗವಾಗಿ ಓಡುತ್ತದಲ್ಲ ಎಂಬ ಮಾತು ನಿಜ, ಆದರೆ ಎತ್ತರ ಕಡಿಮೆಯಿದ್ದು ಓಟ ಉದ್ದವಿರುವಲ್ಲಿ ಚಾನೆಲ್‌ಗಳೇ ಬಾಗಿಲನ್ನು ನೆಟ್ಟಗೆ ಹಿಡಿದಿರುತ್ತವೆ. ಎತ್ತರ ಹೆಚ್ಚಿದಂತೆ ಆ ಹಿಡಿತ ಸಡಿಲುತ್ತದೆ. ಆಗ ಬೇಕಾದದ್ದು ಮೇಲಿನ ಓಟವನ್ನೂ ಕೆಳಗಿನ ಓಟವನ್ನೂ ಬೆಸೆಯುವ ಗಟ್ಟಿ ನಿಲುವುಪಟ್ಟಿ, ಜೊತೆಗೆ ಎರಡನ್ನೂ ಸಮನಾಗಿ ಓಡಿಸುವ ಹಲ್ಲುಪಟ್ಟಿ, ಉಕ್ಕಿನ ಕೇಬಲ್ ಅಥವಾ ಕತ್ತರಿ ತೋಳು. ಸ್ವಿಟ್ಜರ್ಲೆಂಡಿನ ಹಾವಾ ಕಂಪನಿಯ ಕಾನ್ಸೆಪ್ಟಾ ಎಂಬ ಪಾಕೆಟ್ ಬಾಗಿಲಿನ ಹಾರ್ಡ್‌ವೇರ್‌ನಲ್ಲಿರುವುದು ಕತ್ತರಿ ತೋಳೇ. ಇಂಥ ಹಾರ್ಡ್‌ವೇರ್ ದುಬಾರಿ ಎಂಬ ದೂರಿದೆ, ಆದರೆ ಆ ದುಡ್ಡು ಹೋಗುವುದು ಈ ಜೋಡಣೆಗೇ.

ಬಾಗಿಲು ಪೂರ್ತಿ ಮಾಯವಾಗುತ್ತದೆಂಬುದೂ ತಪ್ಪು: 560 ಮಿ.ಮೀ. ಆಳದ ಕಪಾಟಿಗೆ 600 ಮಿ.ಮೀ. ಬಾಗಿಲು ಪೂರ್ತಿ ಹೋಗುವುದಿಲ್ಲ, ಉಬ್ಬಿದ ಹಿಡಿಯಿದ್ದರೆ ಇನ್ನೂ ಮೊದಲೇ ನಿಲ್ಲುತ್ತದೆ. ಡಬ್ಬಿಯ ಮೇಲೆ ಅಚ್ಚಾದ ಅಂಕಿ ಯಾವುದನ್ನು ಅಳೆದದ್ದು ಎಂದು ಕೇಳದೆ ನಂಬುವ ಅಭ್ಯಾಸ ಬಾಗಿಲಿಗಷ್ಟೇ ಸೀಮಿತವಲ್ಲ. ಇನ್ವರ್ಟರ್ ಕೊಳ್ಳುವಾಗಲೂ ನೀರಿನ ಪಂಪ್ ಕೊಳ್ಳುವಾಗಲೂ ಮಾಡುವುದು ಇದನ್ನೇ. ಅಂಗಡಿಯವರ ಬಳಿ ಫಿಟ್ಟಿಂಗ್ ಹಾಳೆ ಕೇಳಿ, ಅದರಲ್ಲಿ ಬಾಗಿಲಿನ ಗರಿಷ್ಠ ಎತ್ತರ ನೋಡಿ. ಎತ್ತರವನ್ನೇ ನಮೂದಿಸದ ಹಾರ್ಡ್‌ವೇರ್ ಆದರೆ ಅದನ್ನು ಬಿಟ್ಟು ಸಾಧಾರಣ ಹಿಂಜ್ ಬಾಗಿಲನ್ನೇ ಹಾಕಿಸಿ.