ಬಂಗಾಳದ ಗುಡಿಸಲು, ಬಾಂದ್ರಾದ ಬಂಗಲೆ

'ಬಂಗಲೋ' ಎಂದರೆ ಇಂಗ್ಲೆಂಡಿನಲ್ಲಿ ಒಂದೇ ಅಂತಸ್ತಿನ ಮನೆ. ಮೆಟ್ಟಿಲು ಹತ್ತಲಾರದ ವಯಸ್ಸಾದವರು ಹುಡುಕಿಕೊಂಡು ಹೋಗುವ, ಸಾಧಾರಣ ಗಾತ್ರದ ಮನೆ ಅದು. ಮುಂಬಯಿಯ ಬಾಂದ್ರಾದಲ್ಲಿ ಅದೇ ಪದಕ್ಕೆ ಅಂತಸ್ತಿನ ಲೆಕ್ಕವಿಲ್ಲ. ಬ್ಯಾಂಡ್‌ಸ್ಟ್ಯಾಂಡಿನಲ್ಲಿ ಸಮುದ್ರಕ್ಕೆ ಮುಖಮಾಡಿ ನಿಂತ ಶಾರುಖ್ ಖಾನರ 'ಮನ್ನತ್' ಹಲವು ಅಂತಸ್ತಿನದಾದರೂ ಎಲ್ಲರ ಬಾಯಲ್ಲೂ ಬಂಗಲೆಯೇ. ನಾಲ್ಕೂ ಕಡೆ ಸ್ವಂತ ನೆಲ, ಸ್ವಂತ ಗೇಟು, ಪಕ್ಕದ ಮನೆಗೆ ತಾಗದ ಗೋಡೆ: ಇಷ್ಟಿದ್ದರೆ ಬಾಂದ್ರಾದವರ ಮಟ್ಟಿಗೆ ಅದು ಬಂಗಲೆ.

ಈ ಎರಡೂ ಅರ್ಥಗಳ ಮೂಲ ಒಂದು ಗುಡಿಸಲು. 'ಬಂಗ್ಲಾ' ಎಂದರೆ ಬಂಗಾಳದ್ದು, ಬಂಗಾಳದ ರೀತಿಯದು. ಅಲ್ಲಿನ ರೈತರ ಮನೆಗೆ ಬಿದಿರಿನ ಹಂದರ, ಮೇಲೆ ಹುಲ್ಲಿನ ಹೊದಿಕೆ. ಬಿದಿರನ್ನು ಬಾಗಿಸಿ ಕಟ್ಟುತ್ತಿದ್ದುದರಿಂದ ಮಾಡಿನ ಅಂಚು ಎರಡೂ ತುದಿಗಳಲ್ಲಿ ಬಿಲ್ಲಿನಂತೆ ಕೆಳಗೆ ಇಳಿಯುತ್ತಿತ್ತು. ಧಾರಾಕಾರ ಮಳೆಯ ನಾಡಿನಲ್ಲಿ ನೀರು ಬೇಗ ಜಾರಿಹೋಗಲು ಅದೇ ತಕ್ಕ ಆಕಾರ. ಈ ಬಾಗಿದ ಮಾಡು ಎಷ್ಟು ಮೆಚ್ಚುಗೆಯಾಯಿತೆಂದರೆ ಇಟ್ಟಿಗೆಯಲ್ಲೂ ಕಲ್ಲಿನಲ್ಲೂ ಅದನ್ನು ಕಟ್ಟತೊಡಗಿದರು. ಬಂಗಾಳದ ಬಿಷ್ಣುಪುರದಲ್ಲಿ 1655ರಲ್ಲಿ ಕಟ್ಟಿದ ದೇವಾಲಯದ ಹೆಸರೇ ಜೋಡ್ ಬಂಗ್ಲಾ, ಅಂದರೆ ಜೋಡಿ ಗುಡಿಸಲು. ಲಾಹೋರ್ ಕೋಟೆಯೊಳಗಿನ ಮೊಗಲರ ಅಮೃತಶಿಲೆಯ ನೌಲಖಾ ಮಂಟಪದ ನೆತ್ತಿಯ ಮೇಲೂ ಅದೇ ಬಾಗಿದ ಮಾಡು ಇದೆ. ಹುಲ್ಲು ಮಾಡಿನ ಕಸುಬುದಾರನ ಕೈಯಿಂದ ಚಕ್ರವರ್ತಿಯ ಅರಮನೆಗೆ ಏರಿದ ಆಕಾರ ಅದು.

ಇಂಗ್ಲಿಷ್ ಬರಹದಲ್ಲಿ ಈ ಪದ ಕಾಣಿಸಿಕೊಂಡದ್ದು 1676ರ ಸುಮಾರಿಗೆ, ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಸ್ಟ್ರೇನ್‌ಶ್ಯಾಮ್ ಮಾಸ್ಟರ್ ಬರೆದ ದಿನಚರಿಯಲ್ಲಿ. ಕಂಪನಿಯ ದೋಣಿಗಳಲ್ಲಿ ದುಡಿಯುವ ಇಂಗ್ಲಿಷರಿಗಾಗಿ ಕಟ್ಟಿಸಬೇಕಾದ ವಸತಿಯ ಬಗ್ಗೆ ಬರೆಯುತ್ತ ಆತ ಈ ಪದವನ್ನೂ ಜೋಪಡಿ ಎಂಬರ್ಥದ ಇಂಗ್ಲಿಷ್ ಪದವನ್ನೂ ಜೊತೆಜೊತೆಗೆ ಬಳಸುತ್ತಾನೆ. ಆಗ ಅದು ಬಡವರ ಮನೆಯೇ. ಮುಂದಿನ ನೂರು ವರ್ಷಗಳಲ್ಲಿ ಕಂಪನಿ ಬೆಳೆಯಿತು, ಜೊತೆಗೆ ಬಂಗಲೆಯೂ ಬೆಳೆಯಿತು. ಸುತ್ತ ವರಾಂಡ ಬಂತು, ಎತ್ತರದ ಚಾವಣಿ ಬಂತು, ತೋಟ ಬಂತು, ಕಂಪೌಂಡು ಬಂತು. ಕಂಪೌಂಡ್ ಎಂಬ ಪದವೂ ಅಪ್ಪಟ ಇಂಗ್ಲಿಷಿನದಲ್ಲ. ಮಲಯ ಭಾಷೆಯ 'ಕಂಪುಂಗ್' ಅದರ ಮೂಲವೆಂದು ಬಹುಪಾಲು ನಿಘಂಟುಕಾರರು ಹೇಳುತ್ತಾರೆ. ಜಿಲ್ಲಾಧಿಕಾರಿ, ಸೇನಾಧಿಕಾರಿ, ಕಾಫಿ ತೋಟದ ದೊರೆ, ಎಲ್ಲರೂ ಬಂಗಲೆವಾಸಿಗಳಾದರು. ಅಂಚೆಯ ದಾರಿಗಳಲ್ಲಿ ಡಾಕ್ ಬಂಗಲೆಗಳು ಎದ್ದವು. ಕರ್ನಾಟಕದ ತಾಲ್ಲೂಕು ಕೇಂದ್ರಗಳಲ್ಲಿ ಇಂದಿಗೂ 'ಐಬಿ', 'ಟಿಬಿ' ಎಂದು ಜನ ಕರೆಯುವ ಕಟ್ಟಡಗಳ ಕೊನೆಯಕ್ಷರ ಈ ಬಂಗಲೆಯದೇ.

ನಿವೃತ್ತರಾಗಿ ಇಂಗ್ಲೆಂಡಿಗೆ ಮರಳಿದವರ ಜೊತೆ ಪದವೂ ಹಡಗು ಹತ್ತಿತು. 1870ರ ಸುಮಾರಿಗೆ ಕೆಂಟ್ ಪ್ರಾಂತ್ಯದ ಕಡಲತೀರದ ಬರ್ಚಿಂಗ್ಟನ್ನಿನಲ್ಲಿ ಬಂಗಲೋಗಳು ಎದ್ದವು. ಕವಿ, ಚಿತ್ರಕಾರ ರೊಸೆಟ್ಟಿ 1882ರಲ್ಲಿ ಕೊನೆಯುಸಿರೆಳೆದದ್ದು ಅಂಥ ಒಂದು ಮನೆಯಲ್ಲಿ. ಕ್ಯಾಲಿಫೋರ್ನಿಯಾದಲ್ಲಿ ಅದು ಮಧ್ಯಮವರ್ಗದವರ ಮನೆಯಾಯಿತು. ಜರ್ಮನಿಯ ಬಾನ್ ನಗರದಲ್ಲಿ 1964ರಲ್ಲಿ ಸರ್ಕಾರದ ಮುಖ್ಯಸ್ಥರಾದ ಚಾನ್ಸಲರ್‌ಗಾಗಿ ಕಟ್ಟಿದ ನಿವಾಸಕ್ಕೂ ಚಾನ್ಸಲರ್ ಬಂಗಲೋ ಎಂದೇ ಹೆಸರು.

ಪದದ ಕೊನೆಯ ಸ್ವರವನ್ನು ಗಮನಿಸಬೇಕು. ಹಿಂದಿ, ಮರಾಠಿಗಳಲ್ಲಿ ಅದು ಬಂಗ್ಲಾ, ಗುಜರಾತಿಯಲ್ಲಿ ಬಂಗಲೋ. ಇಂಗ್ಲಿಷಿನ 'ಲೋ' ಬಂದದ್ದು ಗುಜರಾತಿಯ ಮೂಲಕವೆಂಬ ವಿವರಣೆ ಒಪ್ಪುವಂತಿದೆ. ಕನ್ನಡ ತನ್ನ ಜಾಯಮಾನಕ್ಕೆ ತಕ್ಕಂತೆ ಕೊನೆಗೆ ಎಕಾರ ಹಚ್ಚಿಕೊಂಡಿತು. ಜಿಲ್ಲಾ ಜಿಲ್ಲೆಯಾದಂತೆ, ಖಜಾನಾ ಖಜಾನೆಯಾದಂತೆ, ಬಂಗ್ಲಾ ಬಂಗಲೆಯಾಯಿತು. ಮರಾಠಿ, ಗುಜರಾತಿ, ಇಂಗ್ಲಿಷ್, ಕನ್ನಡಗಳು ಒಟ್ಟಿಗೆ ಬದುಕುವ ಮುಂಬಯಿಯಲ್ಲಿ ಈ ಎಲ್ಲ ರೂಪಗಳೂ ಕಿವಿಗೆ ಬೀಳುತ್ತವೆ.

ಬಾಂದ್ರಾಕ್ಕೆ ಬಂಗಲೆಗಳು ಬಂದ ಬಗೆಯೂ ತಿಳಿಯಬೇಕಾದದ್ದೇ. 1534ರಿಂದ ಸುಮಾರು ಇನ್ನೂರು ವರ್ಷ ಪೋರ್ಚುಗೀಸರ ವಶದಲ್ಲಿದ್ದ ಈ ಭಾಗ ಮುಂಬಯಿಯಿಂದ ಖಾರಿಯೊಂದರ ಆಚೆಗಿತ್ತು. ಭತ್ತದ ಗದ್ದೆ, ಮೀನುಗಾರರ ಕೇರಿ, ರಾನ್ವಾರ್, ಪಾಲಿ, ಚಿಂಬಾಯಿಯಂಥ ಪುಟ್ಟ ಹಳ್ಳಿಗಳು. 1845ರಲ್ಲಿ ಲೇಡಿ ಜಮ್ಶೇಟ್ಜಿಯವರ ದಾನದ ಹಣದಿಂದ ಆ ಖಾರಿಯನ್ನು ದಾಟುವ ಮಾಹಿಮ್ ಸೇತುದಾರಿ ಆಯಿತು. 1867ರಲ್ಲಿ ಉಪನಗರ ರೈಲು ಓಡಿತು. 1896ರ ಪ್ಲೇಗಿಗೆ ಹೆದರಿದ ಜನ ಕಿಕ್ಕಿರಿದ ಮುಂಬಯಿ ಬಿಟ್ಟು ಗಾಳಿ ಬೆಳಕಿನ ಕಡೆಗೆ ಹೊರಟರು. 1918ರಲ್ಲಿ ಹುಟ್ಟಿದ ಸಾಲ್ಸೆಟ್ ಕ್ಯಾಥೊಲಿಕ್ ಸಹಕಾರಿ ಗೃಹನಿರ್ಮಾಣ ಸಂಘ ಇಲ್ಲಿ ನಿವೇಶನಗಳನ್ನು ಹಂಚಿತು. ತೋಟದ ನಡುವಿನ ಮನೆಗಳು ಸಾಲುಸಾಲಾಗಿ ಎದ್ದವು.

ರಾನ್ವಾರಿನ ಓಣಿಗಳಲ್ಲಿ ಉಳಿದಿರುವ ಹಳೆಯ ಮನೆಗಳಲ್ಲಿ ಮರದ ಕಟಾಂಜನದ ಜಗಲಿ, ಹೊರಗಿನಿಂದಲೇ ಮಹಡಿಗೆ ಏರುವ ಮರದ ಮೆಟ್ಟಿಲು, ಇಳಿಜಾರು ಮಾಡು ಕಾಣುತ್ತವೆ. ಮಾಡಿನ ಮೇಲಿರುವುದು ಮಂಗಳೂರು ಹಂಚು. ನೇತ್ರಾವತಿಯ ದಂಡೆಯಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಶುರುವಾದ ಉದ್ಯಮ ಅದು. ಮಂಗಳೂರಿನ ಹಂಚು ಹಡಗಿನಲ್ಲಿ ಮುಂಬಯಿಗೆ ಬರುತ್ತಿತ್ತು. ಪ್ರತಿ ಹಂಚಿನ ಮೇಲೂ ಕಾರ್ಖಾನೆಯ ಹೆಸರನ್ನು ಉಬ್ಬಕ್ಷರದಲ್ಲಿ ಒತ್ತಿರುತ್ತಾರೆ. ಪಾಚಿ ಒರೆಸಿದರೆ ಇಂದಿಗೂ ಓದಬಹುದು. ಹೆಸರು ಬಂಗಾಳದ್ದು, ನೆತ್ತಿಯ ಮೇಲಿನ ಮಣ್ಣು ಕರಾವಳಿ ಕನ್ನಡನಾಡಿನದು.

ಬಾಂದ್ರಾದ ಬಂಗಲೆಗಳನ್ನು ಜನ ಗುರುತಿಸುತ್ತಿದ್ದುದು ಅವುಗಳ ಹೆಸರಿನಿಂದ. ಕಾರ್ಟರ್ ರಸ್ತೆಯ ಒಂದು ಬಂಗಲೆ ಚಿತ್ರನಟ ರಾಜೇಂದ್ರ ಕುಮಾರರ ಕಾಲದಲ್ಲಿ 'ಡಿಂಪಲ್', ಆಮೇಲೆ ನಟ ರಾಜೇಶ್ ಖನ್ನಾರ ಕಾಲದಲ್ಲಿ 'ಆಶೀರ್ವಾದ್'. 2012ರಲ್ಲಿ ಖನ್ನಾ ತೀರಿಕೊಂಡರು. ಬಂಗಲೆ ಮಾರಾಟವಾಯಿತು, ಆಮೇಲೆ ಕೆಡವಿದರು. ಮನೆಗಿಂತ ಅದರ ಕೆಳಗಿನ ನೆಲಕ್ಕೇ ಬೆಲೆ ಹೆಚ್ಚಾದ ಕಡೆ ಒಂಟಿ ಮನೆ ಉಳಿಯುವುದು ಕಷ್ಟ. ಬಾಂದ್ರಾದ ಉತ್ತರಕ್ಕೆ, ಅಂಧೇರಿಯಲ್ಲಿ, ಚಾರ್ ಬಂಗ್ಲಾ, ಸಾತ್ ಬಂಗ್ಲಾ ಎಂಬ ಬಡಾವಣೆಗಳಿವೆ. ಅಲ್ಲಿ ಈಗ ಉದ್ದಕ್ಕೂ ಎತ್ತರದ ಕಟ್ಟಡಗಳು. ನಾಲ್ಕು, ಏಳು ಎಂಬ ಎಣಿಕೆ ಬಸ್ಸಿನ ಬೋರ್ಡುಗಳ ಮೇಲೆ ಉಳಿದಿದೆ.